ಐದು ಮಕ್ಕಳ ಸೀಸೆ

ನಮ್ಮಕ್ಕ ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಚುಚ್ಚುಮದ್ದು ಹಾಕುವ ನರ್ಸ್. ಅವಳನ್ನು ಕಂಡರೆ ಬೀದಿಯ ಮಕ್ಕಳು ಓಡುತ್ತವೆ, ನನ್ನನ್ನು ಕಂಡರೆ ನನ್ನ ಬಾಯಿಗೆ ಹೆದರಿ ದೊಡ್ಡವರು. ಒಂದೇ ಕೋಣೆಯ ಆರೋಗ್ಯ ಕೇಂದ್ರ, ಒಂದು ಐಸ್ ಡಬ್ಬ, ಕಾಲು ಅಲ್ಲಾಡುವ ಕಬ್ಬಿಣದ ಮೇಜು. ಆ ಮೇಜಿಗೆ ನಾಲ್ಕು ಸಲ ವೆಲ್ಡಿಂಗ್ ಮಾಡಿಕೊಟ್ಟವನು ನಾನೇ.

ದಡಾರದ ಲಸಿಕೆ ಪುಡಿಯಾಗಿ ಬರುತ್ತದೆ. ಒಂದು ಸೀಸೆ ಐದು ಮಕ್ಕಳಿಗೆ. ನೀರು ಬೆರೆಸಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಒಂದು ಮಗು ಬಂದರೂ ಸೀಸೆ ತೆರೆಯಿರಿ ಎಂದು ಕಾಗದ ಕಳಿಸುವವರು ತಾಲ್ಲೂಕು ಆಫೀಸಿನ ಸಾಹೇಬರು. ಎಸೆದರೆ ಮೀಟಿಂಗಿನಲ್ಲಿ ಎಲ್ಲರೆದುರು ನಿಲ್ಲಿಸಿ ಮಾನ ಕಳೆಯುವವರೂ ಅವರೇ. ಅಕ್ಕ ಮಾನಕ್ಕೆ ಹೆದರುವವಳು. ಮೂರು ಮಕ್ಕಳಾದರೂ ಸೇರದೆ ಸೀಸೆ ತೆರೆಯುತ್ತಿರಲಿಲ್ಲ.

ಒಂದು ಬುಧವಾರ ನಮ್ಮ ಬೀದಿಯ ಟೈಲರ್ ಹೆಂಗಸು ಒಂಬತ್ತು ತಿಂಗಳ ಮಗಳನ್ನು ಎತ್ತಿಕೊಂಡು ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

“ಸಿಸ್ಟರ್, ಪ್ರೈವೇಟಲ್ಲಿ ಬೇರೆ ಇಂಜೆಕ್ಷನ್ ಇದೆಯಂತೆ, ಮೂರು ರೋಗಕ್ಕೆ. ಜ್ವರಾನೂ ಬರಲ್ವಂತೆ. ಯಾವುದು ಒಳ್ಳೇದು?”

“ನಮ್ಮದರಲ್ಲಿ ದಡಾರದ ಜೊತೆ ರುಬೆಲ್ಲಾಗೂ ಇದೆ. ಅದರಲ್ಲಿ ಮಂಗನಬಾವಿಗೂ ಸೇರಿಸಿರ್ತಾರೆ, ಅಷ್ಟೇ. ದಡಾರಕ್ಕೆ ಎರಡೂ ಒಂದೇ. ಜ್ವರ ಯಾವುದಕ್ಕಾದ್ರೂ ಬರಬಹುದು, ಒಂದೆರಡು ದಿನ. ಕೆಲವು ಮಕ್ಕಳಿಗೆ ಮೊದಲನೇ ಡೋಸ್ ಹಿಡಿಯಲ್ಲ, ಅದಕ್ಕೇ ಎರಡನೇದು ಹಾಕೋದು.”

“ಹಾಗಾದ್ರೆ ಇಲ್ಲೇ ಹಾಕಿಬಿಡಿ.”

“ಇವತ್ತು ನೀನೊಬ್ಬಳೇ ಕಣಮ್ಮ. ಮುಂದಿನ ಬುಧವಾರ ಬಾ.”

ಮುಂದಿನ ಬುಧವಾರ ಇಬ್ಬರೇ ಇದ್ದರು. ಅಕ್ಕ ಮತ್ತೆ ವಾಪಸ್ ಕಳಿಸಿದಳು. ಮೂರನೇ ಬುಧವಾರದ ಹೊತ್ತಿಗೆ ಮಗುವಿನ ಮೈಯೆಲ್ಲ ಕೆಂಪು ದಡಾರ. ಎದೆಗೆ ಕಫ ಕಟ್ಟಿ, ಒಂಬತ್ತನೇ ದಿನ ಜೀವ ಹೋಯಿತು. ಅದೇ ಚಾಪೆಯ ಮೇಲೆ ಆಡುತ್ತಿದ್ದ ಪಕ್ಕದ ಮನೆ ಮಗುವಿಗೆ ಎರಡೂ ಡೋಸ್ ಆಗಿತ್ತು. ಅದಕ್ಕೆ ಒಂದು ಸೀನೂ ಬರಲಿಲ್ಲ.

ನಾನು ಬಾಯಿಗೆ ಬಂದಂತೆ ಬೈದೆ. “ಉಳಿದದ್ದನ್ನ ಎಸೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಅಕ್ಕ ಐಸ್ ಡಬ್ಬದ ಮುಚ್ಚಳ ಒರೆಸುತ್ತಲೇ ಇದ್ದಳು. ಒರೆಸಲು ಅಲ್ಲಿ ಏನೂ ಇರಲಿಲ್ಲ.

ಎರಡು ವರ್ಷ ಕಳೆದ ಮೇಲೆ ಆ ಹೆಂಗಸು ಇನ್ನೊಂದು ಕೂಸನ್ನು ಎತ್ತಿಕೊಂಡು ಬಂದಳು. ನಾನು ಮೇಜಿನ ಕೆಳಗೆ ಕೂತು ಕಾಲು ಬಿಗಿಯುತ್ತಿದ್ದೆ. ಅವಳು ಒಳಗೆ ಕಾಲಿಡಲಿಲ್ಲ, ಬಾಗಿಲಲ್ಲೇ ನಿಂತು ಕೇಳಿದಳು.

“ಇವತ್ತು ಎಷ್ಟು ಮಕ್ಕಳು ಬಂದಿದಾವೆ ಸಿಸ್ಟರ್?”

“ಒಂದು” ಎಂದಳು ಅಕ್ಕ.

ಸೀಸೆಯ ಮುಚ್ಚಳ ಕಿತ್ತ ಸದ್ದು ಕೆಳಗಿದ್ದ ನನಗೂ ಕೇಳಿಸಿತು.