ಹಸಿರು ಕವರಿನ ಮಿಠಾಯಿ

2023ರಲ್ಲಿ ನಾನು ಕುವೈತಿನ ಸಾಲ್ಮಿಯಾದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಕ್ಕಳ ತಜ್ಞೆಯಾಗಿದ್ದೆ. ಈಗಲೂ ಅಲ್ಲೇ ಇದ್ದೇನೆ, ಕೂರುವ ಕೋಣೆ ಬದಲಾಗಿದೆ ಅಷ್ಟೆ. ಓದಿದ್ದು ಮೈಸೂರಿನಲ್ಲಿ, ಮದುವೆಯಾಗಿ ಗಂಡನ ಕೆಲಸದ ಬೆನ್ನಿಗೆ ಇಲ್ಲಿಗೆ ಬಂದೆ. ನನಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ನಮ್ಮ ನರ್ಸುಗಳಿಗೆ ಇದು ಚೆನ್ನಾಗಿ ಗೊತ್ತು. ಈಗ ಹೇಳಹೊರಟಿರುವ ಕೇಸಿನ ಮಧ್ಯಾಹ್ನ ನನ್ನ ಮಾತು ಕೇಳಿಸುತ್ತಲೇ ಇರಲಿಲ್ಲವೆಂದು ಅವರು ಇಂದಿಗೂ ಆಡಿಕೊಳ್ಳುತ್ತಾರೆ.

ಅದರ ಹಿಂದಿನ ವರ್ಷ ಥಾಯ್ಲೆಂಡ್ ಗಾಂಜಾ ಗಿಡವನ್ನು ಮಾದಕ ವಸ್ತುಗಳ ಪಟ್ಟಿಯಿಂದ ಕೈಬಿಟ್ಟಿತ್ತು. ಔಷಧಕ್ಕೆಂದು ಶುರುವಾದದ್ದು ನೋಡುನೋಡುತ್ತಿದ್ದಂತೆ ಪ್ರವಾಸಿಗಳ ಬೀದಿಗೆ ಬಂದು, ಬಿಸ್ಕತ್ತು, ಚಾಕಲೇಟು, ಜೆಲ್ಲಿ ಮಿಠಾಯಿಗಳ ರೂಪ ತಾಳಿತು. ಕುವೈತಿನಲ್ಲಿ ಅದೇ ವಸ್ತು ಕೈಯಲ್ಲಿ ಸಿಕ್ಕರೆ ಜೈಲು, ಆಮೇಲೆ ಗಡೀಪಾರು. ನೆರೆಯ ದೇಶವೆಂದರೆ ಗಡಿ ಹಂಚಿಕೊಂಡ ದೇಶವೆಂದು ಶಾಲೆಯಲ್ಲಿ ಕಲಿತಿದ್ದೆವು. ವಿಮಾನ ಹತ್ತುವವರಿಗೆ ಆ ಲೆಕ್ಕ ಹೊಂದುವುದಿಲ್ಲ. ಒಂದು ನಿದ್ದೆ ಮುಗಿಯುವುದರೊಳಗೆ ತಲುಪುವ ಊರೆಲ್ಲ ಅವರಿಗೆ ನೆರೆಯೇ. ರಜೆಗೆ ಊರಿಗೆ ಹೋಗಿ ಬರುವಾಗ ಬ್ಯಾಂಕಾಕನ್ನೂ ಸುತ್ತಿ ಬರುವುದು ಆಗ ನಮ್ಮವರಲ್ಲಿ ಹೊಸ ಖಯಾಲಿಯಾಗಿತ್ತು.

ಇನ್ನೊಂದು ವಿಷಯ ಹೇಳದಿದ್ದರೆ ಈ ಕೇಸು ಅರ್ಥವಾಗುವುದಿಲ್ಲ. ಕೊಲ್ಲಿಯಲ್ಲಿರುವ ನಮ್ಮವರ ಯಾವ ಮನೆಗೆ ಹೋದರೂ ಟೀಪಾಯಿಯ ಮೇಲೆ ಒಂದು ಗಾಜಿನ ಜಾರ್ ಇರುತ್ತದೆ. ಯಾರೇ ಪ್ರವಾಸದಿಂದ ಬರಲಿ, ಚಾಕಲೇಟು ತರಲೇಬೇಕು. ಬಂದದ್ದೆಲ್ಲವನ್ನೂ ಪಾಕೀಟು ಬಿಚ್ಚಿ ಅದೇ ಜಾರಿಗೆ ಸುರಿಯುತ್ತೇವೆ. ಯಾವುದು ಯಾರು ತಂದದ್ದು, ಎಲ್ಲಿಯದು ಎಂದು ಒಂದು ವಾರದ ನಂತರ ಯಾರಿಗೂ ನೆನಪಿರುವುದಿಲ್ಲ. ಬಂದವರಿಗೆ ಕೊಡುವುದು ಅದರಿಂದಲೇ, ಮಕ್ಕಳ ಬರ್ತ್‌ಡೇಗೆ ರಿಟರ್ನ್ ಗಿಫ್ಟ್ ಚೀಲ ತುಂಬುವುದೂ ಅದರಿಂದಲೇ. ನನ್ನ ಮನೆಯಲ್ಲೂ ಅಂಥ ಜಾರ್ ಇತ್ತು.

ಅದು ಒಂದು ಶುಕ್ರವಾರ, ಇಲ್ಲಿ ವಾರದ ರಜೆ. ಊಟದ ಹೊತ್ತಿಗೆ ಸುಧೀರ್ ಎಂಬ ಎಂಜಿನಿಯರ್ ಐದು ವರ್ಷದ ಮಗಳು ಅನ್ವಿಯನ್ನು ಹೆಗಲ ಮೇಲೆ ಹಾಕಿಕೊಂಡು ತುರ್ತು ವಿಭಾಗಕ್ಕೆ ಓಡಿಬಂದರು. ಹಿಂದೆಯೇ ಹೆಂಡತಿ ಶುಭಾ, ಮನೆಯ ಚಪ್ಪಲಿಯಲ್ಲೇ. ನಾಗಮಂಗಲದ ಕಡೆಯವರು, ಸಾಲ್ಮಿಯಾದಲ್ಲೇ ವಾಸ. ಲಸಿಕೆಗಾಗಿ ಅನ್ವಿ ಹುಟ್ಟಿದಾಗಿನಿಂದ ನನ್ನ ಬಳಿಗೇ ಬರುತ್ತಿದ್ದಳು.

"ಬೆಳಿಗ್ಗೆ ಚೆನ್ನಾಗೇ ಇದ್ಲು ಮೇಡಂ. ದೋಸೆ ತಿಂದ್ಲು, ಆಟ ಆಡಿದ್ಲು. ಆಮೇಲೆ ನಡೆಯೋಕೇ ಆಗ್ತಿಲ್ಲ, ಓಲಾಡ್ತಾಳೆ. ಸುಮ್‌ಸುಮ್ನೆ ನಗ್ತಾಳೆ. ಈಗ ಕಣ್ಣೇ ಬಿಡ್ತಿಲ್ಲ," ಎಂದಳು ಶುಭಾ.

ಜ್ವರವಿರಲಿಲ್ಲ. ತಲೆಗೆ ಪೆಟ್ಟು ಬಿದ್ದ ಗುರುತಿರಲಿಲ್ಲ. ರಕ್ತದ ಸಕ್ಕರೆ ಸರಿಯಾಗಿತ್ತು. ಎದೆಬಡಿತ ಮಾತ್ರ ವೇಗವಾಗಿತ್ತು, ಕಣ್ಣು ಕೆಂಪಗಾಗಿತ್ತು, ಕೈಕಾಲು ಸಡಿಲವಾಗಿತ್ತು. ಹೆಸರು ಕೂಗಿದರೆ ಅರೆಗಣ್ಣು ಬಿಟ್ಟು ಮತ್ತೆ ಮುಚ್ಚುತ್ತಿದ್ದಳು. ಇಂಥ ಮಗು ಬಂದಾಗ ನಮ್ಮ ತಲೆಯಲ್ಲಿ ಮೊದಲು ಓಡುವುದು ಕೆಟ್ಟ ಕಾಯಿಲೆಗಳೇ. ಎನ್ಸೆಫಲೈಟಿಸ್, ಅಂದರೆ ಮಿದುಳಿನ ಉರಿಯೂತ. ಮಿದುಳಿನೊಳಗಿನ ರಕ್ತಸ್ರಾವ. ಅದರ ಜೊತೆಗೇ ಇನ್ನೊಂದು ಸಾಧ್ಯತೆ: ಮಗು ತಿನ್ನಬಾರದ್ದೇನನ್ನೋ ತಿಂದಿದೆ.

"ಮನೆಯಲ್ಲಿ ದೊಡ್ಡವರು ಯಾರಾದ್ರೂ ಬಂದಿದ್ದಾರಾ? ಬಿಪಿ, ನಿದ್ದೆ ಮಾತ್ರೆ ಏನಾದ್ರೂ?" ಎಂದು ಕೇಳಿದೆ.

"ಯಾರೂ ಇಲ್ಲ, ಏನೂ ಇಲ್ಲ," ಎಂದಳು ಶುಭಾ. ಸುಧೀರ್ ನೆಲ ನೋಡುತ್ತಿದ್ದರು.

ಸಿ.ಟಿ. ಸ್ಕ್ಯಾನಿಗೆ ಹೇಳಿದೆ. ಅದರಲ್ಲಿ ಏನೂ ಕಾಣದಿದ್ದರೆ ಲಂಬಾರ್ ಪಂಕ್ಚರ್ ಆಗಬೇಕು. ಬೆನ್ನುಮೂಳೆಯ ನಡುವೆ ಸೂಜಿ ತೂರಿಸಿ ಮಿದುಳಿನ ಸುತ್ತಲ ದ್ರವವನ್ನು ತೆಗೆದು ಪರೀಕ್ಷಿಸುವುದು. ಮೂತ್ರದಲ್ಲಿ ಮಾದಕ ವಸ್ತು ಪತ್ತೆಹಚ್ಚುವ ಪರೀಕ್ಷೆ ನಮ್ಮ ಲ್ಯಾಬಿನಲ್ಲಿರಲಿಲ್ಲ, ಹೊರಗೆ ಕಳಿಸಿ ಕಾಯಬೇಕಿತ್ತು. ಅಷ್ಟರಲ್ಲಿ ಮಂಗಳೂರಿನ ನರ್ಸ್ ಲವೀನಾ ಪಕ್ಕಕ್ಕೆ ಬಂದು, "ಡಾಕ್ಟರ್, ಮಗುವಿನ ಡ್ಯಾಡಿಗೆ ಎಂತದೋ ಹೇಳ್ಲಿಕ್ಕೆ ಉಂಟು ಅಂತ ಕಾಣ್ತದೆ. ಬಾಯಿ ತೆರೀತಾರೆ, ಮುಚ್ತಾರೆ," ಎಂದಳು. ನಾನೂ ಅದನ್ನೇ ಗಮನಿಸಿದ್ದೆ.

ಅವರನ್ನು ನೀರಿನ ಕೂಲರಿನ ಪಕ್ಕಕ್ಕೆ ಕರೆದೆ. "ಸುಧೀರ್, ಈಗ ಮಗೂನ ಸ್ಕ್ಯಾನ್‌ಗೆ ಕರ್ಕೊಂಡು ಹೋಗ್ತೀವಿ. ಆಮೇಲೆ ಬೆನ್ನಿಗೆ ಸೂಜಿ. ಇದೆಲ್ಲ ಬೇಕಾ ಬೇಡ್ವಾ ಅಂತ ನಿಮಗೆ ಗೊತ್ತಿದ್ರೆ ಈಗ್ಲೇ ಹೇಳಿ."

ಅವರು ತಲೆಯೆತ್ತಿದರು. "ಹೇಳಿದ್ರೆ ನೀವು ಯಾರಿಗೂ ಹೇಳಲ್ವಾ ಮೇಡಂ?"

ಆ ಒಂದು ಕ್ಷಣ ನನಗೆ ಇವತ್ತಿಗೂ ನೆಮ್ಮದಿ ಕೊಡುವುದಿಲ್ಲ. 'ಇಲ್ಲ, ಹೇಳಲ್ಲ' ಎಂದರೆ ಸಾಕಿತ್ತು, ಎಲ್ಲವೂ ಹೊರಬರುತ್ತಿತ್ತು. ಆದರೆ ಮಗುವಿನ ಹೊಟ್ಟೆಗೆ ಮಾದಕ ವಸ್ತು ಹೋಗಿದೆಯೆಂದು ತಿಳಿದರೆ ಆಸ್ಪತ್ರೆ ಅಧಿಕಾರಿಗಳಿಗೆ ತಿಳಿಸಲೇಬೇಕೆಂಬುದು ನಮ್ಮ ನಿಯಮ. ಸುಳ್ಳು ಹೇಳಿ ಬಾಯಿ ಬಿಡಿಸಿ, ಆಮೇಲೆ ಫೋನ್ ಎತ್ತಲು ನನಗೆ ಮನಸ್ಸಾಗಲಿಲ್ಲ. ಅದು ಪ್ರಾಮಾಣಿಕತೆಯೋ ನನ್ನ ಲೈಸೆನ್ಸಿನ ಭಯವೋ ಎಂದು ಕೇಳಿದರೆ ಎರಡೂ ಇತ್ತು ಎನ್ನುತ್ತೇನೆ.

"ಹೇಳ್ತೀನಿ. ಹೇಳಲೇಬೇಕು," ಎಂದೆ. "ಆದ್ರೂ ನೀವು ಹೇಳಿ."

ಅವರು ಒಳಗೆ ಮಂಚದ ಮೇಲೆ ಮಲಗಿದ್ದ ಮಗಳ ಕಡೆ ನೋಡಿದರು. ಕೊನೆಗೆ ಹೇಳಿದರು. ರಜೆಯಲ್ಲಿ ಹೋದಾಗ ಬ್ಯಾಂಕಾಕಿನಲ್ಲಿ ಹೋಟೆಲಿನ ಪಕ್ಕದ ಅಂಗಡಿಯಲ್ಲಿ ಗಾಂಜಾ ಮಿಠಾಯಿ ರಾಜಾರೋಷವಾಗಿ ಮಾರುತ್ತಿದ್ದರು. ಒಂದು ತಿಂದರು, ಎಷ್ಟೋ ದಿನದ ಮೇಲೆ ಒಳ್ಳೆ ನಿದ್ದೆ ಬಂತು. ಮಿಠಾಯಿ ತಾನೇ, ಯಾರು ನೋಡುತ್ತಾರೆ ಎಂದು ಉಳಿದದ್ದನ್ನು ಸೂಟ್‌ಕೇಸಿನ ಪಕ್ಕದ ಜೇಬಿನಲ್ಲಿಟ್ಟು ತಂದರು. ಮಗಳು ಓಲಾಡುವುದನ್ನು ಕಾಣುವವರೆಗೆ ಅದು ಇನ್ನೂ ಅಲ್ಲೇ ಇದೆಯೆಂದು ಅಂದುಕೊಂಡಿದ್ದರು.

"ಆ ಹಸಿರು ಕವರಿನದಾ?" ಶುಭಾ ಯಾವಾಗಲೋ ನಮ್ಮ ಹಿಂದೆ ಬಂದು ನಿಂತಿದ್ದಳು. "ಎಲೆ ಚಿತ್ರ ಇತ್ತು, ಪುದೀನದ್ದು ಅಂದ್ಕೊಂಡೆ. ಸೂಟ್‌ಕೇಸ್ ಖಾಲಿ ಮಾಡುವಾಗ ಅದನ್ನ ನಾನು ಜಾರಿಗೆ ಸುರಿದುಬಿಟ್ಟೆನಲ್ರೀ!"

ಸಿ.ಟಿ. ಬೇಡವೆಂದು ಕೂಗಿ ಹೇಳಿದೆ. ಕೂಗಿದೆ ಎಂದುಕೊಂಡೆ, ಲವೀನಾಗೆ ಕೇಳಿಸಿದ್ದು ಪಿಸುಮಾತಂತೆ. ಗಾಂಜಾ ಬೆರೆತ ತಿನಿಸಿಗೆ ಪ್ರತಿವಿಷವಿಲ್ಲ. ಉಸಿರು, ರಕ್ತದೊತ್ತಡ, ಆಮ್ಲಜನಕದ ಮಟ್ಟ ನೋಡಿಕೊಳ್ಳುತ್ತ ಅದು ಇಳಿಯುವವರೆಗೆ ಕಾಯಬೇಕು. ದೊಡ್ಡವರಿಗೆ ನಿದ್ದೆ ಕೊಡುವ ಅದೇ ಮಿಠಾಯಿ ಚಿಕ್ಕ ಮಕ್ಕಳ ಉಸಿರನ್ನೇ ನಿಧಾನಗೊಳಿಸಬಹುದು. ಅನ್ವಿಗೆ ಮಾನಿಟರ್ ಹಾಕಿದೆವು. ಸದ್ಯ ಅವಳ ಉಸಿರು ಚೆನ್ನಾಗಿತ್ತು. ಒಂದು ಘಳಿಗೆ ನಿರಾಳವಾದೆ.

ಆಗ ಶುಭಾ ನನ್ನ ತೋಳು ಹಿಡಿದಳು. "ಮೇಡಂ, ನಿನ್ನೆ ಇವಳ ಬರ್ತ್‌ಡೇ ಇತ್ತು. ರಿಟರ್ನ್ ಗಿಫ್ಟ್ ಚೀಲ ಎಲ್ಲಾ ಆ ಜಾರಿಂದಾನೇ ತುಂಬಿಸಿದ್ದು."

ಸಾಲ್ಮಿಯಾ, ರುಮೈಥಿಯಾ, ರಿಗ್ಗೈ, ಎಲ್ಲೆಲ್ಲಿಂದಲೋ ಬಂದ ಮಕ್ಕಳು ಆ ಚೀಲ ಹಿಡಿದು ಮನೆಗೆ ಹೋಗಿದ್ದರು. ನಮ್ಮ ತಾಯಂದಿರು ಪಾರ್ಟಿಯಿಂದ ಬಂದ ಮೇಲೆ ಚೀಲ ಕಿತ್ತಿಟ್ಟು 'ನಾಳೆ ತಿನ್ನುವಿಯಂತೆ' ಎನ್ನುತ್ತಾರೆ. ಆ ನಾಳೆ ಇವತ್ತೇ.

ಶುಭಾ ಕೈಯಲ್ಲಿ ಫೋನು ಹಿಡಿದಿದ್ದಳು. ಇಲ್ಲಿನ ಕನ್ನಡದ ಕುಟುಂಬಗಳ ವಾಟ್ಸಾಪ್ ಗುಂಪು ತೆರೆದಿತ್ತು. ಸುಧೀರ್ ತಡೆದರು. "ಗ್ರೂಪಲ್ಲಿ ಹಾಕಿದ್ರೆ ಸಂಜೆ ಅಸರ್ ಬಾಂಗಿನ ಹೊತ್ತಿಗೆ ಇಡೀ ಕುವೈತಿಗೇ ಗೊತ್ತಾಗುತ್ತೆ. ನನ್ನ ಕೆಲಸ, ಇಲ್ಲಿರೋಕೆ ಕೊಟ್ಟ ಇಕಾಮಾ ಎಲ್ಲಾ ಖಲಾಸ್. ಚಾಕಲೇಟ್ ಎಕ್ಸ್‌ಪೈರ್ ಆಗಿದೆ, ಬಿಸಾಕಿ ಅಂತ ಹಾಕು. ಅಷ್ಟೇ ಸಾಕಲ್ವಾ?"

ಅವರ ಮಾತು ಅಸಂಬದ್ಧವಾಗಿರಲಿಲ್ಲ. ತಿನ್ನದೆ ಉಳಿದ ಮಿಠಾಯಿಯೆಲ್ಲ ಅಷ್ಟಕ್ಕೇ ಕಸದಬುಟ್ಟಿ ಸೇರುತ್ತಿತ್ತು. ಆಸ್ಪತ್ರೆಯ ಮೂಲಕ ಅಧಿಕಾರಿಗಳಿಗೆ ಹೋಗುವುದು ಬೇರೆ, ತಾನೇ ಊರಿಗೆಲ್ಲ ಸಾರುವುದು ಬೇರೆ. ನಾನು ಬಾಯಿ ತೆರೆಯುವ ಮೊದಲೇ ಶುಭಾ ಕೇಳಿದಳು: "ತಿಂದಾಗಿದ್ರೆ?"

ಅವಳು ಎರಡು ಸಲ ಅಳಿಸಿ ಮತ್ತೆ ಬರೆದಳು. 'ನಿನ್ನೆ ನಾನು ಕೊಟ್ಟ ಚೀಲದಲ್ಲಿ ಹಸಿರು ಕವರಿನ ಮಿಠಾಯಿ ಇದ್ದರೆ ಮಕ್ಕಳಿಗೆ ಕೊಡಬೇಡಿ. ಅದರಲ್ಲಿ ಗಾಂಜಾ ಇದೆ. ತಿಂದಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ತಪ್ಪು ನಮ್ಮದು.' ಕೆಳಗೆ ತನ್ನ ಹೆಸರು ಹಾಕಿ ಕಳಿಸಿದಳು.

ಮುಂದಿನ ಹೊತ್ತು ಹೇಗೆ ಕಳೆಯಿತೋ. ಅವಳ ಫೋನು ಸುಮ್ಮನಾಗಲಿಲ್ಲ. ಸಿಕ್ಕಿದೆ, ಎಸೆದಿದ್ದೇವೆ, ನಮ್ಮ ಚೀಲದಲ್ಲಿಲ್ಲ, ಏನ್ರೀ ಇದು ಎಂದೆಲ್ಲ ಬಂದವು. ನಾನು ಅನ್ವಿಯ ಮಾನಿಟರಿಗೂ ಬಾಗಿಲಿಗೂ ಓಡಾಡುತ್ತಿದ್ದೆ. ಡ್ಯೂಟಿ ಮ್ಯಾನೇಜರಿಗೆ ವಿಷಯ ತಿಳಿಸಿದೆ. ಒಂದು ಮನೆಯವರು ಮಾತ್ರ ಇನ್ನೂ ಮೆಸೇಜು ನೋಡಿರಲಿಲ್ಲ. ರುಮೈಥಿಯಾದ ರೀಮಾ, ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಕುಟುಂಬ. ಶುಭಾ ಮತ್ತೆ ಮತ್ತೆ ಕರೆ ಮಾಡಿದಳು. ಕೊನೆಗೆ ರೀಮಾ ಫೋನು ಎತ್ತಿ, ಮಗ ಪಾರ್ಟಿಯ ಸುಸ್ತಿಗೆ ಮಲಗಿದ್ದಾನೆ, ತಾನೂ ಮಲಗಿದ್ದೆ ಎಂದಳು. ಎಬ್ಬಿಸಿ ನೋಡು ಎಂದಳು ಶುಭಾ. ಆ ಕಡೆಯಿಂದ ಬಂದ ಚೀರು ನನಗೂ ಕೇಳಿಸಿತು.

ಹುಡುಗನನ್ನು ತಂದಾಗ ತುಟಿಯ ಬಣ್ಣ ಮಾಸಿತ್ತು. ಉಸಿರು ನಿಧಾನವಾಗಿತ್ತು. ಆಮ್ಲಜನಕ ಕೊಟ್ಟು ತೀವ್ರ ನಿಗಾ ಘಟಕಕ್ಕೆ ಸೇರಿಸಿದೆವು. ಇನ್ನಷ್ಟು ಹೊತ್ತು ಮನೆಯಲ್ಲೇ 'ಸುಸ್ತಿಗೆ' ಮಲಗಿದ್ದರೆ ಏನಾಗುತ್ತಿತ್ತೆಂದು ರೀಮಾಗೆ ನಾನು ಹೇಳಲಿಲ್ಲ. ಕಾರಿಡಾರಿನಲ್ಲಿ ಅವಳು ಶುಭಾಳ ಮೇಲೆ ಹರಿಹಾಯ್ದಳು. "ಮಗುವನ್ನು ನಿಮ್ಮ ಮನೆಗೆ ಕಳಿಸಿದ್ದು ಇದಕ್ಕಾ? ನಿಮಗೆ ನಾಚಿಕೆ ಇಲ್ವಾ?" ಶುಭಾ ಗೋಡೆಗೆ ಒರಗಿ ಕೇಳಿಸಿಕೊಂಡಳು.

ಮಾರನೆಯ ದಿನ ಇಬ್ಬರು ಮಕ್ಕಳೂ ಇಡ್ಲಿ ಕೇಳುವಷ್ಟು ಚೇತರಿಸಿಕೊಂಡಿದ್ದರು. ಆ ಹೊತ್ತಿಗೆ ಅಧಿಕಾರಿಗಳು ಬಂದು ಸುಧೀರರನ್ನು ಕರೆದೊಯ್ದಾಗಿತ್ತು. ಕೆಲವು ತಿಂಗಳ ನಂತರ ಅವರನ್ನು ಭಾರತಕ್ಕೆ ಕಳಿಸಿದರು; ಇನ್ನು ಈ ದೇಶಕ್ಕೆ ಕಾಲಿಡುವಂತಿಲ್ಲ.

ಕಳೆದ ಚಳಿಗಾಲ ಇಲ್ಲಿ ಸ್ನೇಹಿತರ ಕೂಟವೊಂದರಲ್ಲಿ ಗಾಂಜಾ ಕಾನೂನುಬದ್ಧವಾಗಬೇಕೇ ಎಂದು ಚರ್ಚೆ ನಡೆಯಿತು. ಥಾಯ್ಲೆಂಡೇ ಮತ್ತೆ ನಿಯಮ ಬಿಗಿ ಮಾಡಿದೆ, ನೋಡಿ ಎಂದರು ಒಬ್ಬರು. ಕಾಲೇಜಿನ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ, ನಿಷೇಧದಿಂದ ಜನ ಬಚ್ಚಿಡುವುದನ್ನು ಕಲಿಯುತ್ತಾರೆ ಅಷ್ಟೆ ಎಂದಳು. ಡಾಕ್ಟರು ಹೇಳಲಿ ಎಂದು ಎಲ್ಲರೂ ನನ್ನತ್ತ ತಿರುಗಿದರು. ನಾನು ತಡವರಿಸಿದೆ. ಅಲ್ಲಿ ಬೀದಿಯಲ್ಲಿ ಮಾರದಿದ್ದರೆ ಸುಧೀರ್ ಅದನ್ನು ಕೊಳ್ಳುತ್ತಲೇ ಇರಲಿಲ್ಲ. ಇಲ್ಲಿ ಇಷ್ಟು ಭಯವಿಲ್ಲದಿದ್ದರೆ ಆಸ್ಪತ್ರೆಯ ಬಾಗಿಲಲ್ಲೇ ಹೇಳಿಬಿಡುತ್ತಿದ್ದರು. ಎರಡೂ ನಿಜ, ಎರಡನ್ನೂ ಒಟ್ಟಿಗೆ ಹೊತ್ತು ನನಗೆ ನಿದ್ದೆ ಬರುವುದಿಲ್ಲ. ಒಂದು ದೇಶ ಬಾಗಿಲು ತೆಗೆದರೆ ಗಾಳಿ ಪಕ್ಕದ ಮನೆಗೂ ಬರುತ್ತದೆಂದಷ್ಟೇ ಹೇಳಿ ಕುಳಿತೆ. ಯಾರಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ.

ನನಗೆ ಸಿಕ್ಕ ಪಾಠ ಬೇರೆ. ಕುವೈತ್ ಬಿಡುವ ಮೊದಲು ಶುಭಾ ಅನ್ವಿಯ ಲಸಿಕೆಯ ದಾಖಲೆಗೆಂದು ನನ್ನ ಕೋಣೆಗೆ ಬಂದಿದ್ದಳು. ಅವಳ ಜೊತೆ ರೀಮಾ ಇದ್ದಳು; ತನ್ನ ಕಾರಿನಲ್ಲಿ ಕರೆತಂದಿದ್ದಳು. ಅಂದು ಅಧಿಕಾರಿಗಳಿಗೆ ಹೇಳಲೇಬೇಕು ಎಂದದ್ದಕ್ಕೆ ನನ್ನ ಮೇಲೆ ಕೋಪವಿದೆಯೇ ಎಂದು ಕೇಳಿದೆ.

"ಇತ್ತು ಮೇಡಂ, ತುಂಬಾ ಇತ್ತು," ಎಂದಳು. "ಆದ್ರೆ ನೀವು ಅವತ್ತು 'ಯಾರಿಗೂ ಹೇಳಲ್ಲ' ಅಂತ ಸುಳ್ಳು ಹೇಳಿದ್ದಿದ್ರೆ, ನಾನೂ 'ಎಕ್ಸ್‌ಪೈರ್ ಆಗಿದೆ' ಅಂತಾನೇ ಬರೀತಿದ್ದೆ."

ರೀಮಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಅಂದಿನಿಂದ, ಅಪ್ಪ ಅಮ್ಮಂದಿರಿಗೆ 'ನಿಜ ಹೇಳಿ' ಎನ್ನುವ ಮೊದಲು ಆ ನಿಜವನ್ನು ನಾನು ಎಲ್ಲಿಗೆ ಕೊಂಡೊಯ್ಯಬೇಕಾಗುತ್ತದೆಂದು ಹೇಳಿಬಿಡುತ್ತೇನೆ. ಕೆಲವರು ಕೇಳಿ ಸುಮ್ಮನಾಗುತ್ತಾರೆ, ಆಗ ನನ್ನ ಜೀವ ಬಾಯಿಗೆ ಬರುತ್ತದೆ. ಹೆಚ್ಚಿನವರು ಒಮ್ಮೆ ಮಗುವಿನ ಮುಖ ನೋಡಿ, ಆಮೇಲೆ ಹೇಳುತ್ತಾರೆ.