ಹಿಂದಿನ ಸೀಟಿನ ಸರದಿ

ಕೋವಿಡ್ ಕಳೆದ ಮರುವರ್ಷದ ಮಾತು. ಆಗಲೂ ನಾನು ಹೊಸಕೋಟೆಯಲ್ಲಿ, ಚಿಂತಾಮಣಿ ರಸ್ತೆಯ ಪಕ್ಕದಲ್ಲಿ ದೊಡ್ಡ ಬೈಕುಗಳ ವರ್ಕ್‌ಶಾಪ್ ನಡೆಸುತ್ತಿದ್ದೆ. ಹೊಸ ಬೈಕು ಕೊಂಡವರು ಶೋರೂಮಿಗೆ ಹೋಗುತ್ತಾರೆ. ನನ್ನ ಬಳಿ ಬರುವವರು ಹೆಚ್ಚಾಗಿ ಸೆಕೆಂಡ್‌ಹ್ಯಾಂಡ್ ಕೊಂಡವರು. ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆಯುವ ಮೊದಲೇ ಅವರು ಕೇಳುವ ಪ್ರಶ್ನೆ ಒಂದೇ: "ಇದಕ್ಕೆ ಮೊದ್ಲು ಏನ್ ಹಾಕ್ಸೋದು?"

ನಾರಾಯಣಸ್ವಾಮಿಯವರೂ ಅದನ್ನೇ ಕೇಳಿದರು. ನಂದಗುಡಿ ಕಡೆಯ ರೈತ ಮನೆತನದವರು. ಹೊಲವನ್ನು ತಮ್ಮನಿಗೆ ಬಿಟ್ಟು ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದರು. ಐವತ್ತು ದಾಟಿತ್ತು. ಮಗಳ ಮದುವೆ ಮುಗಿಸಿ, ಬಹಳ ವರ್ಷದ ಆಸೆಯಂತೆ ಒಂದು ಪರ್ಫಾರ್ಮೆನ್ಸ್ ಕ್ರೂಸರ್ ಕೊಂಡಿದ್ದರು. ಕ್ರೂಸರ್ ಎಂದರೆ ಕಾಲು ಮುಂದಕ್ಕೆ ಚಾಚಿ ಆರಾಮವಾಗಿ ಕೂತು ಓಡಿಸುವ, ತಗ್ಗಾದ, ಭಾರವಾದ ಬೈಕು. ಅದಕ್ಕೆ ರೇಸಿನ ಹುಮ್ಮಸ್ಸಿನ ಇಂಜಿನ್ ಕೂರಿಸಿದರೆ ಪರ್ಫಾರ್ಮೆನ್ಸ್ ಕ್ರೂಸರ್. ಓಡಿಸುವವನಿಗೆ ಅದು ಸಿಂಹಾಸನ. ಹಿಂದೆ ಕೂರುವವರಿಗೆ ಮಾತ್ರ ಅಂಗೈಯಗಲದ ಒಂದು ಮೆತ್ತೆ.

ಆ ಮೆತ್ತೆಯ ಮೇಲೆ ಕೂತು ಅವರ ಹೆಂಡತಿ ಸುಶೀಲಮ್ಮ ಬಂದಿದ್ದರು. ಊರಿನ ಅಂಗನವಾಡಿ ಟೀಚರ್. ಇಳಿದವರು ಸೊಂಟ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ನಗುತ್ತಲೇ ನನ್ನನ್ನು ಕೇಳಿದರು: "ಏನಪ್ಪಾ ರಫೀಕ್, ಹಿಂದೆ ಕೂತೋರು ಹಿಡ್ಕೊಳ್ಳೋಕೆ ಏನಾದ್ರೂ ಹಾಕ್ತೀಯಾ? ತ್ಯಾಮಗೊಂಡ್ಲುವರ್ಗೂ ಹೋಗ್ಬೇಕು ನಾವು."

ನೆಲಮಂಗಲದ ಆಚೆಯ ತ್ಯಾಮಗೊಂಡ್ಲುವಿನಲ್ಲಿ ಸುಶೀಲಮ್ಮನ ಅಕ್ಕ ಗೌರಮ್ಮ ಇದ್ದರು. ತಾಯಿ ಇಲ್ಲದ ತಂಗಿಯನ್ನು ಸಾಕಿ, ಈ ಮದುವೆಯನ್ನೂ ಮುಂದೆ ನಿಂತು ಮಾಡಿಸಿದವರು. ಹೊಸದಾಗಿ ಮದುವೆಯಾದಾಗ ಗಂಡಹೆಂಡತಿ ಹಳೆಯ ಬೈಕಿನಲ್ಲಿ ಆ ಮನೆಗೆ ಹೋಗಿ ಬರುತ್ತಿದ್ದರಂತೆ. ಈಗ ಗೌರಮ್ಮನಿಗೆ ಕಿಡ್ನಿ ತೊಂದರೆ, ವಾರವಾರವೂ ಡಯಾಲಿಸಿಸ್. "ಅಕ್ಕ ಫೋನ್ ಮಾಡ್ದಾಗೆಲ್ಲ ಗಾಡಿ ತಗೊಂಡ್ ಬನ್ನಿ, ನೋಡ್ಬೇಕು ಅಂತಾಳೆ," ಎಂದರು ಸುಶೀಲಮ್ಮ.

ನಾನು ಬೈಕನ್ನು ಸ್ಟ್ಯಾಂಡಿಗೆ ಏರಿಸಿ ನೋಡಿದೆ. ಟೈರಿನ ಗೆರೆಗಳು ಆಳವಾಗೇ ಇದ್ದವು. ಆದರೆ ಟೈರಿನ ಬದಿಯಲ್ಲಿ ಅದು ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಅದನ್ನು ಓದಿದಾಗ ಟೈರು ಬಹಳ ಹಳೆಯದೆಂದು ತಿಳಿಯಿತು, ರಬ್ಬರು ಗಟ್ಟಿಯಾಗಿತ್ತು. ಬ್ರೇಕ್ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಶಾಕ್ ಅಬ್ಸಾರ್ಬರ್ ಒಂದರಲ್ಲಿ ಎಣ್ಣೆ ಜಿನುಗುತ್ತಿತ್ತು. ಅಷ್ಟು ತೂಕದ ಬೈಕು ವೇಗ ಹಿಡಿಯುವುದಕ್ಕಿಂತ ನಿಲ್ಲುವುದು ಮುಖ್ಯ ಎಂದು ವಿವರಿಸಿದೆ. ಟೈರು, ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್ ಹರಿಯುವ ಹೊಸ ಪೈಪು ಇವಕ್ಕೆ ನಾರಾಯಣಸ್ವಾಮಿಯವರು ಮರುಮಾತಿಲ್ಲದೆ ಒಪ್ಪಿದರು.

ಮಾತು ಬಂದಿದ್ದು ಮುಂದಿನದಕ್ಕೆ. ನಾನು ಹಿಂದಿನ ಶಾಕ್ ಅಬ್ಸಾರ್ಬರ್, ಅಗಲವಾದ ಸೀಟು, ಬೆನ್ನಿಗೆ ಒರಗು ಹೇಳಿದೆ. ಅವರ ಮನಸ್ಸು ಎಕ್ಸಾಸ್ಟಿನ ಮೇಲಿತ್ತು. ಹೊಗೆಕೊಳವೆ ಬದಲಿಸಿ, ಏರ್ ಫಿಲ್ಟರ್ ಹಾಕಿ, ಪೆಟ್ರೋಲಿನ ಪ್ರಮಾಣ ಹೊಂದುವಂತೆ ಇಂಜಿನ್ನಿನ ಕಂಪ್ಯೂಟರನ್ನು ಟ್ಯೂನ್ ಮಾಡಿದರೆ ಎಳೆತ ಸ್ವಲ್ಪ ಹೆಚ್ಚುತ್ತದೆ, ಸದ್ದು ಬಹಳ ಹೆಚ್ಚುತ್ತದೆ.

"ಸ್ವಾಮಣ್ಣ, ಈ ಇಂಜಿನ್‌ಗೆ ಏನೂ ಕಮ್ಮಿ ಇಲ್ಲ. ಕಮ್ಮಿ ಇರೋದು ಹಿಂದೆ ಕೂರೋರಿಗೆ," ಎಂದೆ.

"ಗೊತ್ತು ಕಣೋ. ಆದ್ರೆ ಗಾಡಿ ಅಂದ್ಮೇಲೆ ಸೌಂಡ್ ಬೇಡ್ವಾ? ಸೀಟು ಆಮೇಲೆ ಹಾಕ್ಸಿದ್ರಾಯ್ತು. ಇವಳೇನು ದಿನಾ ಬರ್ತಾಳಾ?"

ಸುಶೀಲಮ್ಮ ಅಲ್ಲೇ ಕೂತಿದ್ದರು. ನಾನು ಅವರತ್ತ ನೋಡಿದೆ. "ಅವ್ರಿಷ್ಟ ಕಣಪ್ಪ. ಎಷ್ಟೋ ವರ್ಷದಿಂದ ಆಸೆಪಟ್ಟವ್ರೆ," ಎಂದು ಬ್ಯಾಗು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಪೊಲೀಸರು ಹಿಡಿಯದಷ್ಟು ಸದ್ದಿನ ಎಕ್ಸಾಸ್ಟನ್ನೇ ಆರಿಸಿ ಹಾಕಿಕೊಟ್ಟೆ. ಸ್ಟಾರ್ಟ್ ಮಾಡಿದಾಗ ಸ್ವಾಮಣ್ಣನ ಮುಖ ನೋಡಬೇಕಿತ್ತು. ಅಷ್ಟು ಖುಷಿಯಾದ ಗಿರಾಕಿಯನ್ನು ನಾನು ಕಂಡಿದ್ದೇ ಕಡಿಮೆ. ಸ್ವಲ್ಪ ದಿನದಲ್ಲೇ ಅವರು ರೈಡರ್‌ಗಳ ಒಂದು ಗುಂಪು ಸೇರಿದರು. ಭಾನುವಾರ ಬೆಳಗಾದರೆ ಅಂತರಗಂಗೆ, ಕೈವಾರ, ಆವಣಿ ಎಂದು ಹೊರಡುತ್ತಿದ್ದರು. ಸುಶೀಲಮ್ಮನಿಗೂ ರಜೆ ಇದ್ದದ್ದು ಅದೊಂದೇ ದಿನ. ಕೈವಾರಕ್ಕೆ ಒಮ್ಮೆ ಜೊತೆಗೆ ಹೋದವರು ಬೆನ್ನು ಹಿಡಿದುಕೊಂಡು ಬಸ್ಸಿನಲ್ಲಿ ವಾಪಸಾದರಂತೆ. ಆಮೇಲೆ ಅವರು ಭಾನುವಾರಗಳಂದು ಒಬ್ಬರೇ ಹೊರಡತೊಡಗಿದರು: ಹೊಸಕೋಟೆಗೆ ಒಂದು ಬಸ್ಸು, ಬೆಂಗಳೂರಿಗೆ ಇನ್ನೊಂದು, ಅಲ್ಲಿಂದ ನೆಲಮಂಗಲ, ಮತ್ತೆ ತ್ಯಾಮಗೊಂಡ್ಲು. ಒಂದೆರಡು ಸಲ ನನ್ನ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದುದನ್ನು ನಾನೇ ನೋಡಿದ್ದೇನೆ. ಕೈಯಲ್ಲಿ ಟಿಫನ್ ಕ್ಯಾರಿಯರ್ ಇರುತ್ತಿತ್ತು. ಉಪ್ಪಿಲ್ಲದೆ ಮಾಡಿದ ಅಡುಗೆ, ಅಕ್ಕನಿಗೆ.

ಸ್ವಾಮಣ್ಣ ಸರ್ವಿಸಿಗೆ ಬಂದಾಗಲೆಲ್ಲ ನಾನು ಸೀಟಿನ ಮಾತೆತ್ತುತ್ತಿದ್ದೆ. "ಮುಂದಿನ್ ಸಲ ಹಾಕ್ಬಿಡೋಣ" ಎನ್ನುತ್ತಿದ್ದರು. ಮುಂದಿನ ಸಲ ಹ್ಯಾಂಡಲ್ ಬದಲಾಯಿತು. ಅದರ ಮುಂದಿನ ಸಲ ಹೆಡ್‌ಲೈಟ್.

ಮರುಬೇಸಿಗೆಯಲ್ಲಿ ಒಂದು ದಿನ ಅವರು ತಾವಾಗಿಯೇ ಬಂದರು. "ರಫೀಕ್, ಸೀಟು ಆರ್ಡರ್ ಮಾಡು. ಶಾಕ್, ಒರಗು ಎಲ್ಲಾ," ಎಂದರು. ನನಗೆ ಖುಷಿಯಾಯಿತು, ಬೇರೇನೂ ಕೇಳಲಿಲ್ಲ. ಸೀಟಿಗೆ ಒಳ್ಳೆಯ ಫೋಮ್ ಹಾಕಿಸಿದೆ, ಎರಡೂ ಬದಿಗೆ ಹಿಡಿಕೆ ಕೂರಿಸಿದೆ. ಇಬ್ಬರ ಭಾರಕ್ಕೆ ಹೊಂದುವಂತೆ ಸ್ಪ್ರಿಂಗನ್ನು ಬಿಗಿಮಾಡಿ ನಾನೇ ಒಬ್ಬರನ್ನು ಹಿಂದೆ ಕೂರಿಸಿಕೊಂಡು ಕೆರೆ ಏರಿಯವರೆಗೆ ಓಡಿಸಿ ನೋಡಿದೆ.

ಬೈಕು ತೆಗೆದುಕೊಂಡು ಹೋಗಲು ಇಬ್ಬರೂ ಆಟೋದಲ್ಲಿ ಬಂದರು. ಸುಶೀಲಮ್ಮ ಬಡವಾಗಿದ್ದರು. ಗಂಡ ಹೇಳಿದ್ದಕ್ಕೆ ಹತ್ತಿ ಕೂತರು, ಬೆನ್ನು ಒರಗಿಸಿದರು, ಹಿಡಿಕೆ ಮುಟ್ಟಿ ನೋಡಿದರು.

"ಹೆಂಗಿದೆ ಅಕ್ಕಾ?" ಎಂದೆ.

"ಚೆನ್ನಾಗಿದೆ ರಫೀಕ್. ಒಳ್ಳೆ ಸೀಟು." ಹಿಡಿಕೆಯಿಂದ ಕೈ ತೆಗೆದು ಹೇಳಿದರು, "ಯುಗಾದಿ ಆದ್ಮೇಲೆ ಅಕ್ಕ ಹೋಗ್ಬಿಟ್ಳು. ಇನ್ನು ಎಲ್ಲಿಗಪ್ಪಾ ಹೋಗೋಣ ಇದ್ರಲ್ಲಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸ್ವಾಮಣ್ಣ ಪೆಟ್ರೋಲ್ ಟ್ಯಾಂಕಿನ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದರು. "ಕೊನೇ ಭಾನ್ವಾರನೂ ನಾನು ರೈಡ್‌ಗೆ ಹೋಗಿದ್ದೆ ಕಣೋ. 'ನಿನ್ನ ಯಜಮಾನ್ರು ಗಾಡಿ ತರ್ಲಿಲ್ವಾ' ಅಂತ ಅವ್ರಕ್ಕ ಇವಳ್ನ ಕೇಳಿದ್ರಂತೆ," ಎಂದರು. ನಾನು ಬೈಕಿನ ಕೀ ತಂದುಕೊಟ್ಟೆ. ಆ ದಿನ ಇಬ್ಬರೂ ಅದೇ ಬೈಕಿನಲ್ಲಿ, ನಿಧಾನವಾಗಿ, ಊರಿಗೆ ಹೋದರು. ದೀಪಾವಳಿಗೆ ಮೊದಲೇ ಸ್ವಾಮಣ್ಣ ಅದನ್ನು ಮಾರಿಬಿಟ್ಟರು.

ಟೈರು ಮತ್ತು ಬ್ರೇಕು ಮೊದಲು ಎಂಬುದನ್ನು ನಾನು ಇವತ್ತಿಗೂ ಬದಲಿಸಿಲ್ಲ. ಅದು ಜೀವದ ಪ್ರಶ್ನೆ. ಅದಾದ ಮೇಲಿನ ಕ್ರಮ ಯಾವ ಕ್ಯಾಟಲಾಗಿನಲ್ಲೂ ಸಿಗುವುದಿಲ್ಲ ಎಂದು ಆ ದಂಪತಿಯಿಂದ ತಿಳಿದೆ. ಎಕ್ಸಾಸ್ಟು ಈ ವರ್ಷ ಹಾಕಿದರೂ ಅದೇ ಸದ್ದು, ಐದು ವರ್ಷ ಬಿಟ್ಟು ಹಾಕಿದರೂ ಅದೇ ಸದ್ದು. ಮನುಷ್ಯರ ವಿಷಯ ಹಾಗಲ್ಲ. ಈಗ ಯಾರೇ ಹಳೆಯ ಬೈಕು ತಂದರೂ, ಜೊತೆಯಲ್ಲಿ ಯಾರು ಬರುತ್ತಾರೆ, ಯಾರನ್ನು ನೋಡಲು ಹೋಗಬೇಕಾಗಿದೆ ಎಂದು ಕೇಳುತ್ತೇನೆ. ಕೆಲವರು ನಕ್ಕು, ಸೌಂಡಿನ ಮಾತು ತೆಗೆಯುತ್ತಾರೆ. ಅವರಿಗೆ ಎಕ್ಸಾಸ್ಟ್ ಹಾಕಿಕೊಡುತ್ತೇನೆ. ಆದರೆ ಆ ಪ್ರಶ್ನೆಯನ್ನು ಎರಡನೆಯ ಸಲವೂ ಕೇಳಿಯೇ ಸ್ಪ್ಯಾನರ್ ಕೈಗೆತ್ತಿಕೊಳ್ಳುತ್ತೇನೆ.