ಮಿಸ್ತ್ರಿಯ ಎಡ ಅಂಗೈ

ಅವರ ಎಡ ಅಂಗೈಗೆ ಎಣ್ಣೆ ಹತ್ತಿದ್ದನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ. ಬಲಗೈ ಮೊಣಕೈವರೆಗೂ ಕರಿ. ಗೆರೆಗಳಲ್ಲಿ, ಉಗುರಿನ ಸಂದಿಯಲ್ಲಿ ಇಳಿದು ಕೂತ ಗ್ರೀಸು ಎಷ್ಟು ಸಾಬೂನು ತಿಕ್ಕಿದರೂ ಬಿಡುತ್ತಿರಲಿಲ್ಲ. ಎಡಗೈಗೆ ಮಾತ್ರ ಹಳೇ ಧೋತರದ ಅರಿವೆ ಸುತ್ತಿ ಮಣಿಕಟ್ಟಿನ ಹತ್ತಿರ ಗಂಟು ಹಾಕಿರುತ್ತಿದ್ದರು. ಮಧ್ಯಾಹ್ನ ಆ ಅರಿವೆ ಬಿಚ್ಚಿದರೆ ಒಳಗಿಂದ ಕೂಸಿನಂಥ ಮೆತ್ತನೆಯ ಅಂಗೈ ಹೊರಗೆ ಬರುತ್ತಿತ್ತು. ಇಷ್ಟಲಿಂಗ ಇಟ್ಟು ಪೂಜಿಸುವ ಕೈ ಅದು.

ಅಫಜಲಪುರದ ಬೇವಿನ ಮರವೊಂದರ ಕೆಳಗೆ ಅವರ ಗ್ಯಾರೇಜು, ಅದರ ಹಿಂದೆಯೇ ಮನೆ. ಊರೆಲ್ಲ ಅವರನ್ನು ಮಿಸ್ತ್ರಿ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಜೇವರ್ಗಿಯವಳಾದ ನಾನು ಎಂಬತ್ತರ ದಶಕದ ಆರಂಭದಲ್ಲಿ ಅಲ್ಲೊಂದು ಸಣ್ಣ ದವಾಖಾನೆ ತೆರೆದು, ಹಳ್ಳಿಗಳಿಗೆ ಹೋಗಿಬರಲು ಹಳೆಯ ಜೀಪು ಕೊಂಡಿದ್ದೆ. ಸೀರೆ ಉಟ್ಟವಳೊಬ್ಬಳು ಜೀಪು ಹೊಡೆಯುವುದನ್ನು ನೋಡಲು ಜನ ಕಟ್ಟೆಯಿಂದ ಎದ್ದು ನಿಲ್ಲುತ್ತಿದ್ದ ಕಾಲ. ಮಿಸ್ತ್ರಿ ನನ್ನ ಕಡೆ ನೋಡಲೇ ಇಲ್ಲ, ಬಗ್ಗಿ ಜೀಪಿನ ಹೊಟ್ಟೆ ನೋಡಿದರು.

"ಗೇರ್ ಎಣ್ಣಿ ಯಾವಾಗ ಬದಲಿ ಮಾಡ್ಸೀರಿ, ಬಾಯಾರ?"

"ಅದನ್ನೂ ಬದಲಿ ಮಾಡಸ್ಬೇಕೇನ್ರಿ?" ಎಂದೆ. ಎಂಜಿನ್ನಿನ ಎಣ್ಣೆ ಬದಲಿಸಬೇಕೆಂದು ಗೊತ್ತಿತ್ತು. ಗೇರಿನದು ಮುಚ್ಚಿದ ಪೆಟ್ಟಿಗೆ, ಒಳಗೆ ಹಾಕಿದ ಎಣ್ಣೆ ಹಾಕಿದ ಹಾಗೇ ಇರುತ್ತದೆ ಎಂದು ತಿಳಿದಿದ್ದೆ.

ಅವರು ಆ ಪೆಟ್ಟಿಗೆಯ ತಳದ ಬೂಚು ಬಿಚ್ಚಿ, ಬಿಳಿ ಪಿಂಗಾಣಿ ಬಟ್ಟಲಲ್ಲಿ ಎಣ್ಣೆ ಹಿಡಿದರು. ಕೆಟ್ಟ ರೇಡಿಯೊ ಒಂದರಿಂದ ಕಿತ್ತ ಅಯಸ್ಕಾಂತವನ್ನು ಅದರಲ್ಲಿ ಅದ್ದಿ ಎತ್ತಿದಾಗ ಅದಕ್ಕೆ ಕಬ್ಬಿಣದ ಪುಡಿ ಮೀಸೆ ಬಂದಂತೆ ಅಂಟಿಕೊಂಡಿತ್ತು. "ಮುಟ್ಟಿ ನೋಡ್ರಿ" ಎಂದು ನನ್ನ ಬೆರಳನ್ನೂ ಅದ್ದಿಸಿದರು. "ಹೊಸಾದು ಜೇನಿನಂಗ ಇರ್ತದ್ರಿ. ಇದು ಹಾಲ್ ಹಾಕಿದ ಚಾ ಆಗ್ಯದ. ಗಾಡಿ ಮಾರಿದಾತ ಇದಕ ಹೊಳಿ ನೀರು ಕುಡಿಸ್ಯಾನ."

ಜೀಪಿನ ಜೊತೆ ಬಂದಿದ್ದ ಪುಸ್ತಕ ತೆಗೆದು, ಇಷ್ಟು ಮೈಲಿಗೊಮ್ಮೆ ಬದಲಿಸಿದರೆ ಸಾಕು ಅಂತ ಬರೆದಿದ್ದಾರಲ್ಲ ಎಂದು ಓದಿ ಹೇಳಿದೆ. ಓದಿದವಳೆಂಬ ಜಂಬ ಆಗ ಸ್ವಲ್ಪ ಇತ್ತು.

"ಬುಕ್ಕ ಬರದಾತ ಮಳಿಗಾಲದಾಗ ಅತನೂರ ದಾರಿ ನೋಡ್ಯಾನೇನ್ರಿ? ಅದಿರ್ಲಿ, ನಿಮ್ಮ ಮೀಟರ್ ಓಡ್ತದೇನು?"

ಮೀಟರು ನಾನು ಕೊಳ್ಳುವ ಮೊದಲೇ ನಿಂತುಹೋಗಿತ್ತು. ನಾನು ಪುಸ್ತಕ ಮುಚ್ಚಿದೆ.

ಅವರ ಲೆಕ್ಕಕ್ಕೆ ಮೀಟರು ಬೇಕಿರಲಿಲ್ಲ. ಮಳೆ ಮುಗಿದ ಮೇಲೆ ಬನ್ನಿ ಹಬ್ಬಕ್ಕೊಮ್ಮೆ, ಜೋಳದ ರಾಶಿ ಮುಗಿದ ಮೇಲೆ ಯುಗಾದಿಗೊಮ್ಮೆ. ಆಗ ಸೊನ್ನದ ಹತ್ತಿರ ಬ್ಯಾರೇಜು ಇರಲಿಲ್ಲ. ಬೇಸಿಗೆಯಲ್ಲಿ ಭೀಮೆಯೊಳಗೇ ಗಾಡಿ ಇಳಿಸಿ ದಾಟುತ್ತಿದ್ದೆವು. ಹಾಗೆ ದಾಟಿದರೆ ಮರುದಿನವೇ ಬರಬೇಕು. "ದಾಟಿಲ್ಲಂತ ಸುಳ್ಳ ಹೇಳಬ್ಯಾಡ್ರಿ, ಎಣ್ಣಿ ಹೇಳ್ತದ" ಎನ್ನುತ್ತಿದ್ದರು. ಡಾಂಬರಿನ ಮೇಲೆ ಓಡುವ ಗುಲಬರ್ಗಾದ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಆದರೂ ನಡೆದೀತು, ನಮ್ಮ ಕರಿನೆಲದ ಗಾಡಿಗಳಿಗೆ ಅಲ್ಲ ಎಂಬುದು ಅವರ ತೀರ್ಮಾನ. ಒಮ್ಮೆ ನಾನು ಯುಗಾದಿ ದಾಟಿಸಿ ಕಾರಹುಣ್ಣಿಮೆಗೆ ಹೋದಾಗ ನಗುತ್ತಲೇ ಚುಚ್ಚಿದರು. "ಬ್ಯಾನಿ ಬರೂಕಿಂತ ಮೊದಲೇ ಬರ್ರಿ ಅಂತ ಬಸುರಿಯರಿಗಿ ಬೈತೀರಿ. ನಿಮಗ ಬೈಯವ್ರು ಯಾರ್ರಿ?"

ಅವರದೊಂದು ಪದ್ಧತಿಯಿತ್ತು. ಗಾಡಿಯನ್ನು ನಾಲ್ಕು ಸುತ್ತು ಓಡಿಸಿ ಎಣ್ಣೆ ಬಿಸಿ ಮಾಡಿ, ಮಧ್ಯಾಹ್ನಕ್ಕೆ ಸರಿಯಾಗಿ ಬೂಚು ಬಿಚ್ಚುತ್ತಿದ್ದರು. ಬೂಚು ಕಳೆಯದಂತೆ ತಮ್ಮ ಜೇಬಿಗೆ ಹಾಕಿಕೊಂಡು, ಗಾಡಿಯ ಚಾವಿಯನ್ನು ಬೇವಿನ ಮರದ ಮೊಳೆಗೆ ತೂಗುಹಾಕಿ ಸ್ನಾನಕ್ಕೆ ಹೋಗುವರು. ಸ್ನಾನ, ಪೂಜೆ, ಊಟ ಮುಗಿಯುವ ತನಕ ಎಣ್ಣೆ ಸೋರುತ್ತಿರಬೇಕು. ಕೊನೆಯ ಹನಿಗಳಲ್ಲೇ ಕಬ್ಬಿಣ ಇರುತ್ತದಂತೆ. ಆಮೇಲೆ ಬೂಚು ಹಾಕಿ ಹೊಸ ಎಣ್ಣೆ ತುಂಬುವುದು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ; ಆಗ ಚಾವಿ ಮೊಳೆಗೆ ಬಂದಿದೆಯೆಂದರೆ ಕೆಲಸ ಮುಗಿದಿದೆ ಎಂದು ತಿಳಿದುಕೊಂಡಿದ್ದೆ.

ಒಂದು ವರ್ಷ ಬನ್ನಿ ಹಬ್ಬದ ಹಿಂದುಮುಂದಿನ ದಿನ. ಜೀಪು ಅವರಲ್ಲಿ ಬಿಟ್ಟು ದವಾಖಾನೆಯಲ್ಲಿದ್ದೆ. ಅತನೂರಿನ ಒಬ್ಬಾತ ಬಸ್ಸಿಳಿದು ಓಡಿಬಂದ. ಹೆಂಡತಿಗೆ ಚೊಚ್ಚಲ ಹೆರಿಗೆ, ನಿನ್ನೆಯಿಂದ ಬೇನೆ, ಸೂಲಗಿತ್ತಿ ಕೈಚೆಲ್ಲಿದ್ದಾಳೆ. ಚೀಲ ಹಿಡಿದು ಬೇವಿನ ಮರಕ್ಕೆ ಓಡಿದೆ. ಮಿಸ್ತ್ರಿ ಇರಲಿಲ್ಲ, ಚಾವಿ ಮೊಳೆಯಲ್ಲಿತ್ತು. ಆತನನ್ನು ಕೂರಿಸಿಕೊಂಡು ಹೊರಟೇಬಿಟ್ಟೆ. ಕೆಳಗೆ ಬಗ್ಗಿ ನೋಡುವ ಬುದ್ಧಿ ಬರಲಿಲ್ಲ.

ಊರು ದಾಟಿ ಸುಮಾರು ದೂರ ಹೋದ ಮೇಲೆ ಗೇರು ಸಣ್ಣಗೆ ಅಳತೊಡಗಿತು. ಆಮೇಲೆ ಒಳಗಿಂದ ಹಲ್ಲು ಕಡಿದಂಥ ಸದ್ದು. ಗೇರು ಹಾಕುವ ಕೋಲು ಬಿಸಿಯಾಗಿತ್ತು. ಜಾಲಿ ಗಿಡದ ಪಕ್ಕ ನಿಲ್ಲಿಸಿದೆ.

"ಯಾಕ ನಿಂತ್ರಿ, ಬಾಯಾರ?" ಎಂದ ಆತ. ಇಳಿದು ಕೆಳಗೆ ಬಗ್ಗಿದೆ, ಬೂಚಿನ ಜಾಗದಲ್ಲಿ ಬರೀ ತೂತಿತ್ತು. ನಡೆದು ಹೋದರೆ ಸಂಜೆಯಾಗುತ್ತಿತ್ತು, ಆ ಹೆಣ್ಣಿಗೆ ಸಂಜೆಯ ತನಕ ಸಮಯವಿರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಫಟಫಟಿಯೊಂದರ ಸದ್ದು. ಯಾರದೋ ಹಿಂಬದಿಯಲ್ಲಿ ಮಿಸ್ತ್ರಿ ಕೂತಿದ್ದರು. ಒದ್ದೆ ಧೋತರ, ಬರಿಮೈ, ಕೊರಳಲ್ಲಿ ಲಿಂಗದ ಕರಡಿಗೆ, ತೊಡೆಯ ಮೇಲೆ ಎಣ್ಣೆ ಡಬ್ಬಿ, ನಳಿಗೆ, ಲಾಳಿಕೆ, ಮುಷ್ಟಿಯಲ್ಲಿ ಬೂಚು. ಸ್ನಾನ ಮಾಡಿ ಬಂದು ನೋಡಿದರೆ ಜೀಪಿಲ್ಲ, ದಾರಿಯುದ್ದಕ್ಕೂ ಎಣ್ಣೆಯ ಹನಿ. ಆ ಹನಿ ಹಿಡಿದೇ ಬಂದಿದ್ದರು.

ಇಳಿದವರೇ ಜೀಪಿನ ಕೆಳಗೆ ತೂರಿಕೊಂಡರು. ಬೂಚು ಬಿಗಿದರು. ಗೇರ್ ಪೆಟ್ಟಿಗೆಯ ಪಕ್ಕದ ತೂತಿಗೆ ರಬ್ಬರ್ ನಳಿಗೆ ಹಿಡಿದರು, ಈ ತುದಿಯ ಲಾಳಿಕೆಗೆ ನಾನು ಎಣ್ಣೆ ಸುರಿದೆ. ಆ ತೂತಿನ ಮಟ್ಟಕ್ಕೆ ಬಂದು ಹೊರಗೆ ಉಕ್ಕಿದರೆ ತುಂಬಿತು ಎಂದು ಅರ್ಥ. ಗಾಡಿಯ ಕೆಳಗಿನ ಕತ್ತಲಲ್ಲಿ ಉಕ್ಕಿದ್ದು ಕಣ್ಣಿಗೆ ಕಾಣದು, ಕೈಗೇ ತಿಳಿಯಬೇಕು; ಬಲಗೈ ನಳಿಗೆಯಲ್ಲಿತ್ತು. ಅರಿವೆ ಸುತ್ತದ ಎಡ ಅಂಗೈಯನ್ನೇ ಒಡ್ಡಿದರು. ಒಳಗಿನ ಕರಿಯೆಲ್ಲ ಬಿಸಿಬಿಸಿಯಾಗಿ ಅದರಲ್ಲಿ ಬಂದು ನಿಂತಿತು.

"ಸಾಕ್ರಿ. ತುಂಬ್ಯದ."

ಅವರೂ ನಮ್ಮ ಜೊತೆ ಕೂತರು. "ಎರಡನೇ ಗೇರ್ ಮುಟ್ಟಬ್ಯಾಡ್ರಿ, ನಾ ಹೇಳ್ದಾಗ ಬದಲಿ ಮಾಡ್ರಿ" ಎನ್ನುತ್ತ, ಕಿವಿಯನ್ನು ಗೇರಿನ ಹತ್ತಿರವೇ ಇಟ್ಟುಕೊಂಡು ಅತನೂರು ಮುಟ್ಟಿಸಿದರು. ಹೆಣ್ಣುಕೂಸು. ತಡವಾಗಿ ಅತ್ತಿತು, ಆದರೆ ಅತ್ತಿತು. ಇನ್ನೊಂದು ತಾಸು ತಡವಾಗಿದ್ದರೆ ತಾಯಿಯೂ ಉಳಿಯುತ್ತಿರಲಿಲ್ಲ.

ಹೊರಗೆ ಬಂದಾಗ ಮಿಸ್ತ್ರಿ ದನದ ಬಾನಿಯ ಹತ್ತಿರ ಕೂತು ಬೂದಿಯಿಂದ ಎಡಗೈ ತಿಕ್ಕುತ್ತಿದ್ದರು. ಮನೆಯವರು ಕೊಟ್ಟ ರೊಟ್ಟಿ ಹಾಗೇ ಇತ್ತು. ಪೂಜೆಯಾಗದೆ ಅವರು ಬಾಯಿಗೆ ಏನೂ ಹಾಕುತ್ತಿರಲಿಲ್ಲ.

"ತಪ್ಪು ನಂದ್ರಿ, ಮಿಸ್ತ್ರಿ. ಕೇಳ್ದೆ ಒಯ್ದೆ."

"ಎಣ್ಣಿ ಇಲ್ಲದ ಗಾಡಿ ಚಾವಿ ಮೊಳಿಗಿ ಹಾಕ್ದಾತ ನಾನ್ರಿ" ಎಂದರು, ತಲೆಯೆತ್ತದೆ.

ಅಂಗೈ ಗೆರೆಗಳಲ್ಲಿ ಕರಿ ಉಳಿದೇ ಇತ್ತು. ಈ ಕೈಯಲ್ಲಿ ಪೂಜೆ ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಅದಕ್ಕೆ ನೀರು ಹೊಯ್ದುಕೊಳ್ಳುತ್ತ ಅಂದರು, "ಇದು ಯಾಕ ಹತ್ಯದಂತ ಶಿವಗ ಗೊತ್ತದ್ರಿ."

ಅದೇ ಮನೆಯ ಪಡಸಾಲೆಯಲ್ಲಿ ವಿಭೂತಿ ಹಚ್ಚಿಕೊಂಡು, ಆ ಕರಿ ಅಂಗೈಯ ಮೇಲೇ ಲಿಂಗವಿಟ್ಟು ಪೂಜಿಸಿದರು. ಆಮೇಲೆ ಎರಡು ರೊಟ್ಟಿ ತಿಂದರು.

ಜೀಪಿನ ಎರಡನೇ ಗೇರಿನ ಹಲ್ಲು ಉದುರಿತ್ತು. ಹೊಸದು ಹಾಕಿ, ಹಳೆಯದನ್ನು ಬೇವಿನ ಮರದ ಅದೇ ಮೊಳೆಗೆ ತೂಗುಹಾಕಿದರು. ಚಾವಿಗಳು ಅಂದಿನಿಂದ ಹೊಸ ಎಣ್ಣೆ ಡಬ್ಬಿಯ ಕೊರಳಿಗೆ ಸೇರಿದವು. ಡಬ್ಬಿ ಖಾಲಿಯಾಗದೆ ಚಾವಿ ಬಿಚ್ಚುವಂತಿಲ್ಲ. ಗೇರ್ ಎಣ್ಣೆ ಎಷ್ಟು ದಿನಕ್ಕೊಮ್ಮೆ ಎಂದು ಯಾರಾದರೂ ಕೇಳಿದರೆ ಬೋಳು ಹಲ್ಲಿನ ಆ ಗೇರು ತೋರಿಸಿ, "ಇದು ನನ್ನ ತಪ್ಪು, ನೋಡ್ಕೋರಿ" ಎನ್ನುತ್ತಿದ್ದರು. ನನ್ನ ಹೆಸರು ಒಮ್ಮೆಯೂ ಎತ್ತಲಿಲ್ಲ.

ಹತ್ತು ಹನ್ನೆರಡು ವರ್ಷಗಳ ನಂತರ ಅವರು ತೀರಿಹೋದರು. ನಾನು ಹೋದಾಗ ಅವರನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಮಣ್ಣಿಗಿಡುವಾಗ ಎಡ ಅಂಗೈಯಲ್ಲಿ ಲಿಂಗ ಇಡುತ್ತಾರೆ. ಅದಕ್ಕೆ ಮೊದಲು ಹೆಂಡತಿ ಅವರ ಬಲಗೈ ತೊಳೆಯುತ್ತಿದ್ದರು. ಕರಿ ಬಿಡುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ತಂಬಿಗೆಗೆ ಕೈಚಾಚಿದೆ.

"ಎಡಗೈ ತೊಳಿಯೂದು ಬ್ಯಾಡ್ರಿ, ಬಾಯಾರ" ಎಂದರು ಆಕೆ. "ಅದಕ ಎಂದೂ ಎಣ್ಣಿ ಹತ್ತಿಲ್ಲ."

ಮನೆಯಲ್ಲೂ ಹೇಳಿರಲಿಲ್ಲ ಅವರು.

"ಒಮ್ಮಿ ಹತ್ತಿತ್ರಿ, ಅವ್ವಾರ" ಎಂದೆ. ಆಕೆ ನನ್ನ ಮುಖ ನೋಡಿ ತಂಬಿಗೆ ಕೊಟ್ಟರು. ಆ ಅಂಗೈಯನ್ನು ನಾನೇ ತೊಳೆದೆ.